ಡಬಲ್ ಮೀನಿಂಗ್ ಹಾಡು ಹಾಡಿದವಳ ಕೇಸು ನಿಲ್ಲುತ್ತಾ?

ಪ್ರಶ್ನೆ: ‘ಅನಾರ್ಕಲಿ ಆಫ್ ಆರಾ’ ನೋಡಿದೆ. ಸಿನಿಮಾ ಚೆನ್ನಾಗಿದೆ. ಆದರೆ ರಾತ್ರಿಯೆಲ್ಲ ಪೋಲಿ ಹಾಡು ಹಾಡಿ ಜನರನ್ನು ಕೆರಳಿಸಿದವಳು, ಯಾರೋ ಒಬ್ಬ ಮೈ ಮುಟ್ಟಿದ ಅಂತ ನ್ಯಾಯ ಕೇಳಿದರೆ ನಿಜವಾದ ಕೋರ್ಟಿನಲ್ಲಿ ನಿಲ್ಲುತ್ತಾ?

ಉತ್ತರ: ನಿಲ್ಲುತ್ತೆ. ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳಬೇಕಾಗುತ್ತದೆ ಅಂತ ಕಾಣುತ್ತದೆ. ಪ್ರಶ್ನೆ ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅದೇ.

ನೋಡದವರಿಗೆ ಎರಡೇ ಮಾತು. ಅವಿನಾಶ್ ದಾಸ್ ನಿರ್ದೇಶನದ 2017ರ ಚಿತ್ರ. ಬಿಹಾರದ ಆರಾ ಪಟ್ಟಣದ ಆರ್ಕೆಸ್ಟ್ರಾ ಗಾಯಕಿ ಅನಾರ್ಕಲಿಯಾಗಿ ಸ್ವರಾ ಭಾಸ್ಕರ್. ಕುಡಿದ ಅಮಲಿನಲ್ಲಿ ವೇದಿಕೆ ಹತ್ತಿ, ಎಲ್ಲರೆದುರು ಅವಳ ಮೇಲೆ ಕೈಹಾಕುವ ಕುಲಪತಿಯಾಗಿ ಸಂಜಯ್ ಮಿಶ್ರಾ. ಅವಳು ಕಪಾಳಕ್ಕೆ ಬಾರಿಸುತ್ತಾಳೆ. ಮುಂದಿನದೆಲ್ಲ ಆ ಏಟಿನ ಬೆಲೆ.

ಈಗ ಆ ಹಳೇ ನಂಬಿಕೆಗೆ ಬರೋಣ: ‘ಅಂಥ ಹಾಡು ಹಾಡಿದಳು ಅಂದರೆ ಒಪ್ಪಿಗೆ ಕೊಟ್ಟ ಹಾಗೇ, ಮಾನ ಇದ್ದವಳು ಆ ಹಾಡು ಹಾಡುತ್ತಿದ್ದಳೇ?’ ಕಾನೂನಿನಲ್ಲಿ ಇದಕ್ಕೆ ಬೇರಿಲ್ಲ. ಮಾನ ಅನ್ನುವುದು ನಡತೆಗೆ ಸಿಗುವ ಸರ್ಟಿಫಿಕೇಟು ಎಂದುಕೊಂಡಿದ್ದೀರಿ. ಸುಪ್ರೀಂ ಕೋರ್ಟ್ 1966ರಲ್ಲೇ, ಪಂಜಾಬ್ ಸರ್ಕಾರ ಮತ್ತು ಮೇಜರ್ ಸಿಂಗ್ ನಡುವಿನ ಪ್ರಕರಣದಲ್ಲಿ, ಏಳೂವರೆ ತಿಂಗಳ ಹಸುಗೂಸಿನ ಮೇಲಾದ ದೌರ್ಜನ್ಯವೂ ಐಪಿಸಿ (ಆಗಿನ ಭಾರತೀಯ ದಂಡ ಸಂಹಿತೆ) 354ರ ಅಡಿ ಮಾನಭಂಗವೇ ಎಂದಿತು. ಆ ಕೂಸು ಯಾವ ನಡತೆ ತೋರಿಸಿ ಮಾನ ಗಳಿಸಿತ್ತು? ಹೆಣ್ಣಾಗಿ ಹುಟ್ಟಿದ ಕೂಡಲೇ ಬರುವ ರಕ್ಷಣೆ ಅದು. ಹುಟ್ಟಿನಿಂದ ಬಂದದ್ದನ್ನು ಒಂದು ಹಾಡು ಕಿತ್ತುಕೊಳ್ಳುವುದಿಲ್ಲ.

ಸಾಲದೇ? ಮಹಾರಾಷ್ಟ್ರದ ಮರ್ಡೀಕರ್ ಪ್ರಕರಣ ತಗೊಳ್ಳಿ. ರಾತ್ರಿ ಹೊತ್ತು ಒಬ್ಬ ಹೆಂಗಸಿನ ಗುಡಿಸಲಿಗೆ ನುಗ್ಗಿದ ಇನ್‌ಸ್ಪೆಕ್ಟರ್ ಕೆಲಸ ಕಳೆದುಕೊಂಡಿದ್ದ. ಅವಳ ನಡತೆ ಸರಿಯಿಲ್ಲ, ಅಂಥವಳ ಮಾತು ನಂಬಿ ಅಧಿಕಾರಿಯ ಬದುಕು ಹಾಳುಮಾಡುವುದು ಬೇಡ ಎಂದು ಹೈಕೋರ್ಟು ಅವನ ಪರ ನಿಂತಿತು. ಸುಪ್ರೀಂ ಕೋರ್ಟ್ ಆ ತರ್ಕವನ್ನೇ ತಿರಸ್ಕರಿಸಿತು: ನಡತೆ ಏನೇ ಇರಲಿ, ಕಂಡಕಂಡವರು ಬೇಕೆಂದಾಗ ನುಗ್ಗಲು ಅವಳೇನು ಬಿಟ್ಟಿ ಬಿದ್ದಿಲ್ಲ, ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ಅವಳಿಗೂ ಇದೆ. ಅದು ಇಲಾಖಾ ಶಿಸ್ತುಕ್ರಮದ ವ್ಯಾಜ್ಯ, ಕ್ರಿಮಿನಲ್ ಕೇಸಲ್ಲ, ನಿಜ. ಆದರೂ ಆ ಮಾತನ್ನು ಕ್ರಿಮಿನಲ್ ಕೋರ್ಟುಗಳೂ ಮತ್ತೆ ಮತ್ತೆ ಎತ್ತಿಕೊಂಡಿವೆ. 2013ರ ತಿದ್ದುಪಡಿಯಲ್ಲಿ ಆಗಿನ ಸಾಕ್ಷ್ಯ ಕಾಯ್ದೆಗೆ 53ಎ ಕಲಂ ಸೇರಿತು. ಇಂಥ ಪ್ರಕರಣಗಳಲ್ಲಿ ಒಪ್ಪಿಗೆ ಇತ್ತೇ ಎಂದು ತೀರ್ಮಾನಿಸುವಾಗ ಅವಳ ಚಾರಿತ್ರ್ಯ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ‘ಇವಳು ಎಂಥವಳು ಗೊತ್ತಾ ಸ್ವಾಮಿ’ ಎಂದು ಶುರುಮಾಡುವ ವಕೀಲರನ್ನು ನ್ಯಾಯಾಧೀಶರು ಅಲ್ಲೇ ಕೂರಿಸಬೇಕು.

‘ಆದರೆ ಹಾಡು ಅಶ್ಲೀಲ ಅಲ್ವಾ ಸಾರ್?’ ಇರಬಹುದು! ಸಾರ್ವಜನಿಕವಾಗಿ ಅಶ್ಲೀಲ ಹಾಡು ಹಾಡಿ ಬೇರೆಯವರಿಗೆ ಕಿರಿಕಿರಿ ಮಾಡಿದರೆ ಅದಕ್ಕೆ ಐಪಿಸಿ 294 ಇತ್ತು, ಗರಿಷ್ಠ ಮೂರು ತಿಂಗಳು. ಮಾನಭಂಗದ 354ಕ್ಕೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು. 2024ರ ಜುಲೈ 1ರಿಂದ, ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಇವು 296 ಮತ್ತು 74. ಎರಡೂ ಬೇರೆ ಬೇರೆ ಅಪರಾಧ, ಒಂದು ಇನ್ನೊಂದಕ್ಕೆ ವಜಾ ಆಗುವುದಿಲ್ಲ. ಹಾಡು ಸಹಿಸಲಾಗದಿದ್ದರೆ ಎದ್ದು ಹೋಗಿ ದೂರು ಕೊಡಿ. ವೇದಿಕೆ ಹತ್ತಿ ಸೊಂಟಕ್ಕೆ ಕೈಹಾಕುವುದು ದೂರು ಕೊಡುವ ವಿಧಾನವಲ್ಲ.

ಇನ್ನೊಂದು ತಮಾಷೆ. ಭೋಜಪುರಿ ಮದುವೆಗಳಲ್ಲಿ ‘ಗಾರಿ’ ಅಂತ ಉಂಟು. ಮನೆಯ ಹೆಂಗಸರೇ ಸೇರಿ ಬೀಗರನ್ನು ಬಯ್ಯುವ ಹಾಡು. ನಮ್ಮ ಬೀಗರ ಹಾಡುಗಳ ಹಾಗೆಯೇ, ಆದರೆ ಕೆಲವದರ ಪೋಲಿತನಕ್ಕೆ ಅನಾರ್ಕಲಿಯೂ ನಾಚಬೇಕು. ಅದನ್ನು ಹಾಡಿದ ಅತ್ತೆ, ಚಿಕ್ಕಮ್ಮಂದಿರು ಒಪ್ಪಿಗೆ ಕೊಟ್ಟರು ಎಂದು ಯಾರಾದರೂ ಹೇಳಿದ್ದಾರಾ? ಅದೇ ಹಾಡಿಗೆ ದುಡ್ಡು ತಗೊಂಡವಳ ಮೇಲೆ ಮಾತ್ರ ಈ ವಾದ ಬರುತ್ತದೆ. ‘ಶಾರದಾ ಸಿನ್ಹಾ ಥರ ಛಠ್ ಹಾಡು (ಬಿಹಾರದ ಸೂರ್ಯಪೂಜೆಯ ಹಬ್ಬದ ಹಾಡು) ಹಾಡಬಹುದಿತ್ತಲ್ಲ’ ಅನ್ನುವವರೂ ಇದ್ದಾರೆ. ಆ ಗಾಯಕಿಗೆ ಪದ್ಮ ಪ್ರಶಸ್ತಿಗಳು ಬಂದವು, ಬರಬೇಕಾದದ್ದೇ. ಆದರೆ ಮಾನಭಂಗದ ಕಲಂ ಪ್ರಶಸ್ತಿ ಪತ್ರ ನೋಡಿ ಅನ್ವಯವಾಗುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಕೇಳಬೇಕಿದ್ದದ್ದು ಇದನ್ನೇ. ಕಾನೂನು ಇಷ್ಟು ಗಟ್ಟಿಯಿದ್ದ ಮೇಲೆ ಅವಳು ಕೋರ್ಟು ಬಿಟ್ಟು ಮತ್ತೆ ವೇದಿಕೆಯಲ್ಲೇ ಯಾಕೆ ಲೆಕ್ಕ ಚುಕ್ತಾ ಮಾಡಿದಳು? ಚಿತ್ರ ವಾಸ್ತವಕ್ಕೆ ಹತ್ತಿರ ಅನಿಸುವುದು ಇಲ್ಲಿಯೇ. ಊರಿನ ಪೊಲೀಸರು ಕುಲಪತಿಯ ಜೇಬಿನಲ್ಲಿ. ದೂರು ಕೊಡಹೋದವಳೇ ಆರೋಪಿ. ಕೊನೆಗೆ ರಾತ್ರೋರಾತ್ರಿ ದೆಹಲಿಗೆ ಓಟ.

ಇದಕ್ಕೂ ಕಾನೂನಿನಲ್ಲಿ ಮದ್ದಿದೆ. ಸುಪ್ರೀಂ ಕೋರ್ಟಿನ ಲಲಿತಾ ಕುಮಾರಿ ತೀರ್ಪು (2013) ಬಂದ ಮೇಲೆ ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ದೂರಿಗೆ ಎಫ್‌ಐಆರ್ ಹಾಕಲೇಬೇಕು. ಮಾನಭಂಗದ ದೂರು ದಾಖಲಿಸದ ಪೊಲೀಸನಿಗೇ ಐಪಿಸಿ 166ಎ (ಈಗ ನ್ಯಾಯ ಸಂಹಿತೆಯ 199) ಅಡಿ ಆರು ತಿಂಗಳಿಂದ ಎರಡು ವರ್ಷ ಜೈಲು. ಠಾಣೆಯಲ್ಲಿ ತಗೊಳ್ಳದಿದ್ದರೆ ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ದೆಹಲಿಯ ಯಾವುದೇ ಠಾಣೆಯಲ್ಲಿ ಅವಳು, ಘಟನೆ ಬೇರೆ ಊರಿನದಾದರೂ ದಾಖಲಿಸಿಕೊಳ್ಳಬೇಕಾದ, ಝೀರೋ ಎಫ್‌ಐಆರ್ ಕೂಡ ಕೊಡಬಹುದಿತ್ತು. ಅವರು ತಗೊಂಡು, ವ್ಯಾಪ್ತಿಯ ಪ್ರಕಾರ, ತನಿಖೆಗೆ ಆರಾದ ಅದೇ ಠಾಣೆಗೆ ಕಳಿಸುತ್ತಿದ್ದರು.