ಆಸ್ಪತ್ರೆ ಸಾವು, ಟೀವಿ ಚರ್ಚೆ, ಮತ್ತೆ ನಾವು ವಕೀಲರು

ಆಸ್ಪತ್ರೆಲಿ ಯಾರೋ ತೀರ್ಕೊಂಡ್ರು, ಮನೆಯವ್ರು ಗೇಟ್ ಹತ್ರ ಗಲಾಟೆ ಮಾಡಿದ್ರು ಅಂದ್ರೆ ಸಂಜೆಗೆ ಚಾನಲ್‌ಗಳಲ್ಲಿ ಚರ್ಚೆ ಶುರು. ಒಬ್ರು ಡಾಕ್ಟ್ರು, ಒಬ್ರು ಪಕ್ಷದವ್ರು, ಒಬ್ರು ಸಂಘಟನೆಯವ್ರು, ಜೊತೆಗೆ ಕಪ್ಪು ಕೋಟಲ್ಲಿ ಒಬ್ರು ವಕೀಲ್ರು. ಉಳಿದವ್ರು ಏನೇ ಹೇಳಿದ್ರೂ ನೋಡೋರು ಅದನ್ನ ಅವರ ಅಭಿಪ್ರಾಯ ಅಂತ ತಗೋತಾರೆ, ವಕೀಲ್ರು ಹೇಳಿದ್ದನ್ನ ಮಾತ್ರ ಕಾನೂನು ಅಂತ ತಗೋತಾರೆ. ಅಲ್ಲಿ ಕೂತವ್ರು "ಇದು ಸ್ಪಷ್ಟ ಕ್ರಿಮಿನಲ್ ಕೇಸು, ಡಾಕ್ಟ್ರನ್ನ ಈಗ್ಲೇ ಅರೆಸ್ಟ್ ಮಾಡ್ಬೇಕು" ಅಂದ್ಬಿಟ್ರೆ ಮಾರನೇ ದಿನ ನಮ್ಮಂಥವರ ಆಫೀಸಿಗೆ ಜನ ಬರೋದೇ ಆ ಮಾತು ಹಿಡ್ಕೊಂಡು. "ಸಾರ್, ಟೀವಿಲಿ ವಕೀಲ್ರೇ ಹೇಳಿದ್ರಲ್ಲ, ನಮ್ಮ ಕೇಸಲ್ಲೂ ಹಂಗೇ ಆಗಿದೆ, ಯಾಕೆ ಅರೆಸ್ಟ್ ಆಗಿಲ್ಲ" ಅಂತ.

ನಾನು ಗ್ರಾಹಕರ ಆಯೋಗದಲ್ಲಿ ವೈದ್ಯಕೀಯ ನಿರ್ಲಕ್ಷ್ಯದ ಕೇಸು ನಡೆಸೋನು, ರೋಗಿ ಕಡೆಯಿಂದ್ಲೇ ಜಾಸ್ತಿ. ಹಾಗಾಗಿ ಡಾಕ್ಟ್ರ ಪರ ವಕಾಲತ್ತು ಮಾಡ್ತಿದಾರೆ ಅಂತ ಯಾರೂ ಅನ್ಕೋಬೇಡಿ. ನನಗೆ ಸಂಕಟ ಆಗೋದು ಬೇರೆ ಕಾರಣಕ್ಕೆ. ಅರೆಸ್ಟು, ಜೈಲು ಅನ್ನೋ ಮಾತು ಬಂದಾಗ ನಮ್ಮ ವಕೀಲರ ದನಿ ಬಲು ಜೋರು, ಆದ್ರೆ ಜನಕ್ಕೆ ನಿಜವಾಗ್ಲೂ ವಕೀಲರ ಮಾತು ಬೇಕಾಗಿರೋ ಕಡೆ ನಾವು ಕಾಣೋದೇ ಇಲ್ಲ.

ಮೊದ್ಲು ಅರೆಸ್ಟ್ ವಿಷಯ ನೋಡೋಣ. 2005ರಲ್ಲಿ ಜೇಕಬ್ ಮ್ಯಾಥ್ಯೂ ಕೇಸಲ್ಲಿ ಸುಪ್ರೀಂ ಕೋರ್ಟ್ ತೀರಾ ಸ್ಪಷ್ಟವಾಗಿ ಹೇಳಿದೆ, ಡಾಕ್ಟ್ರ ಮೇಲೆ ಕ್ರಿಮಿನಲ್ ಕೇಸು ನಿಲ್ಬೇಕಾದ್ರೆ ಸಾಮಾನ್ಯ ತಪ್ಪು ಸಾಲಲ್ಲ, ಘೋರ ನಿರ್ಲಕ್ಷ್ಯ ಇರ್ಬೇಕು, ಪೊಲೀಸ್ರು ಮುಂದುವರಿಯೋಕೆ ಮುಂಚೆ ಅದೇ ವಿಷಯ ಗೊತ್ತಿರೋ ಇನ್ನೊಬ್ಬ ವೈದ್ಯರ, ಸಾಧ್ಯ ಆದ್ರೆ ಸರ್ಕಾರಿ ವೈದ್ಯರ, ಅಭಿಪ್ರಾಯ ತಗೋಬೇಕು, ದೂರು ಬಂತು ಅಂದ ತಕ್ಷಣ ಬಂಧಿಸೋ ಹಾಗಿಲ್ಲ. 2013ರ ಲಲಿತಾ ಕುಮಾರಿ ತೀರ್ಪಲ್ಲೂ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಮಾಡಬಹುದಾದ ಕೇಸುಗಳ ಪಟ್ಟಿಲಿ ವೈದ್ಯಕೀಯ ನಿರ್ಲಕ್ಷ್ಯವೂ ಇದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಬದಲಿಗೆ ಬಂದ ಕಾನೂನು) 106(1)ನೇ ಸೆಕ್ಷನ್ನಲ್ಲಿ ನಿರ್ಲಕ್ಷ್ಯದಿಂದ ಸಾವಾದ್ರೆ ಬೇರೆಯವ್ರಿಗೆ 5 ವರ್ಷದವರೆಗೆ ಶಿಕ್ಷೆ, ಚಿಕಿತ್ಸೆ ಮಾಡೋವಾಗ ಆದ್ರೆ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ. ಇದು ಸರೀನಾ ತಪ್ಪಾ ಅಂತ ವಾದ ಮಾಡ್ಬಹುದು, ಮಾಡ್ಲೇಬೇಕು ಕೂಡ, ಆದ್ರೆ ಕಾನೂನು ಹೀಗಿದೆ ಅನ್ನೋದನ್ನ ಮೊದ್ಲು ಹೇಳಿ, ಆಮೇಲೆ "ಇದು ನನ್ನ ಅಭಿಪ್ರಾಯ" ಅಂತ ಬೇರೆ ಮಾಡಿ ಹೇಳ್ಬೇಕು. ಎರಡನ್ನೂ ಒಂದೇ ಉಸಿರಲ್ಲಿ ಕಲಸಿ ಹೇಳಿದ್ರೆ ಪೆಟ್ಟು ಬೀಳೋದು ದುಃಖದಲ್ಲಿರೋ ಆ ಮನೆಯವರಿಗೇನೇ.

ಹೆಂಗೆ ಅಂದ್ರೆ, ಅರೆಸ್ಟ್ ಆಗ್ಲಿ ಅಂತ ಸ್ಟೇಷನ್ನಿಗೆ ಅಲೆದು ಅಲೆದು ತಿಂಗಳುಗಟ್ಟಲೆ ಕಳೀತಾರೆ, ಅಷ್ಟ್ರಲ್ಲಿ ಕೇಸ್ ಶೀಟ್, ಅಂದ್ರೆ ಆಸ್ಪತ್ರೆಲಿರೋ ಚಿಕಿತ್ಸೆಯ ದಾಖಲೆ, ತಗೊಂಡಿರಲ್ಲ, ಬಿಲ್ಲುಗಳು ಎಲ್ಲೋ ಹೋಗಿರತ್ವೆ, ಗ್ರಾಹಕರ ಆಯೋಗಕ್ಕೆ ಹೋಗೋಕೆ ಇರೋ 2 ವರ್ಷದ ಗಡುವೂ ಕೆಲವರಿಗೆ ಮುಗಿದಿರತ್ತೆ. ರೋಗಿ ಅಥವಾ ಅವರ ಕಡೆಯವರು ಬರೆದು ಕೇಳಿದ 72 ಗಂಟೆ ಒಳಗೆ ವೈದ್ಯಕೀಯ ದಾಖಲೆ ಕೊಡ್ಬೇಕು ಅಂತ ವೈದ್ಯರ ವೃತ್ತಿ ನಿಯಮಗಳಲ್ಲೇ ಇದೆ, 2002ರಿಂದ್ಲೂ ಇದೆ. ಈ ಒಂದು ಮಾತನ್ನ ಚರ್ಚೆಲಿ ಕೂತ ವಕೀಲ್ರು ಹೇಳಿದ್ರೆ ನೋಡ್ತಿರೋ ಎಷ್ಟೋ ಮನೆಗೆ ಉಪಯೋಗ ಆಗತ್ತೆ. ನಾನು ನೋಡಿರೋ ಚರ್ಚೆಗಳಲ್ಲಿ ಇದನ್ನ ಯಾರೂ ಹೇಳಿದ್ದು ಕೇಳಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2017ರ ನವೆಂಬರ್‌ನಲ್ಲಿ ಕೆಪಿಎಂಇ ಕಾಯ್ದೆ, ಅಂದ್ರೆ ಖಾಸಗಿ ಆಸ್ಪತ್ರೆಗಳ ಮೇಲೆ ನಿಗಾ ಇಡೋ ನಮ್ಮ ರಾಜ್ಯದ ಕಾಯ್ದೆ, ಅದರ ತಿದ್ದುಪಡಿ ಗಲಾಟೆ ನೆನಪಿರ್ಬಹುದು, ಖಾಸಗಿ ಡಾಕ್ಟ್ರುಗಳು ಮುಷ್ಕರ ಮಾಡಿ ಒಪಿಡಿ ಮುಚ್ಚಿದ್ರು, ಬೆಳಗಾವಿ ಅಧಿವೇಶನ ಪೂರ್ತಿ ಅದೇ ಮಾತು. ಡಾಕ್ಟ್ರಿಗೆ ಜೈಲು ಬೇಕಾ ಬೇಡ್ವಾ ಅನ್ನೋದ್ರಲ್ಲೇ ಇಡೀ ಚರ್ಚೆ ಸಿಕ್ಕಾಕೊಂಡ್ಬಿಡ್ತು, ವಕೀಲ್ರೂ ಅದ್ರಲ್ಲೇ ಎರಡು ಭಾಗ ಆದ್ರು. ಆ ತಿದ್ದುಪಡಿಯಿಂದ ರೋಗಿಗಳ ಸನ್ನದು, ಅಂದ್ರೆ ಅವರ ಹಕ್ಕುಗಳ ಪಟ್ಟಿ, ಬಂತು, ಜಿಲ್ಲಾಧಿಕಾರಿ ಅಧ್ಯಕ್ಷತೆಲಿ ದೂರು ಕೇಳೋ ಪ್ರಾಧಿಕಾರ ಬಂತು, ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕೇಳ್ಬಾರ್ದು, ಬಾಕಿ ದುಡ್ಡಿಗೆ ಅಂತ ಶವ ತಡೆ ಹಿಡೀಬಾರ್ದು ಅನ್ನೋದೆಲ್ಲ ಬಂತು. ಈಗ್ಲೂ ಯಾರಾದ್ರೂ ಫೋನ್ ಮಾಡಿ "ಬಿಲ್ ಕಟ್ಟೋ ತನಕ ಬಾಡಿ ಕೊಡಲ್ಲ ಅಂತಿದಾರೆ, ಏನ್ ಮಾಡೋದು" ಅಂತ ಅಳೋವಾಗ ನನಗೆ ಆ ಚರ್ಚೆಗಳು ನೆನಪಾಗ್ತವೆ. ಕಾನೂನು ಇದೆ, ದೂರು ಕೊಡೋ ಜಾಗ ಇದೆ, ಅದು ಜನಕ್ಕೆ ಗೊತ್ತಿಲ್ಲ ಅಷ್ಟೆ. ಗೊತ್ತು ಮಾಡಿಸ್ಬೇಕಾದವ್ರು ಯಾರು?

ಇನ್ನೊಂದು ವಿಷಯನೂ ಬಿಚ್ಚಿ ಹೇಳ್ಬೇಕು, ನಮ್ಮವರಿಗೇ ಇಷ್ಟ ಆಗಲ್ಲ ಇದು. ಡಾಕ್ಟ್ರುಗಳ ಸೇವೆ ಗ್ರಾಹಕ ಕಾನೂನಿನ ಒಳಗೆ ಬರತ್ತೆ ಅಂತ 1995ರಲ್ಲೇ ವಿ.ಪಿ. ಶಾಂತಾ ಕೇಸಲ್ಲಿ ತೀರ್ಮಾನ ಆಯ್ತು. ವಕೀಲರ ಸೇವೆ ಬರಲ್ಲ ಅಂತ 2024ರ ಮೇ 14ರಂದು ನ್ಯಾಯಮೂರ್ತಿ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ತೀರ್ಪು ಕೊಡ್ತು. ಕಕ್ಷಿದಾರರ ಹಿಡಿತದಲ್ಲಿ ವಕೀಲ್ರು ಕೆಲಸ ಮಾಡ್ತಾರೆ, ಹಾಗಾಗಿ ಇದು ವೈಯಕ್ತಿಕ ಸೇವೆಯ ಒಪ್ಪಂದ ಅನ್ನೋದು ಕಾರಣ. ಅಂದ್ರೆ ಡಾಕ್ಟ್ರು ತಪ್ಪು ಮಾಡಿದ್ರೆ ಅವರನ್ನ ಆಯೋಗಕ್ಕೆ ಎಳಿಯೋ ನಾವು, ನಾವೇ ತಪ್ಪು ಮಾಡಿದ್ರೆ ಅಲ್ಲಿಗೆ ಹೋಗ್ಬೇಕಾಗಿಲ್ಲ, ಕಕ್ಷಿದಾರ ಸಿವಿಲ್ ಕೋರ್ಟಿಗೆ ಹೋಗ್ಬೇಕು, ಇಲ್ಲ ವಕೀಲರ ಪರಿಷತ್ತಿಗೆ ದೂರು ಕೊಡ್ಬೇಕು. ಡಾಕ್ಟ್ರುಗಳು ಎದುರಿಗೆ ಕೂತು "ನಿಮಗ್ಯಾಕೆ ಈ ರಿಯಾಯ್ತಿ" ಅಂತ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ. ನಾವಾಗೇ ಅದನ್ನ ಮೊದ್ಲು ಒಪ್ಪಿಕೊಂಡು ಮಾತಾಡಿದ್ರೆ ಆರೋಗ್ಯ ಕ್ಷೇತ್ರದ ಹೊಣೆಗಾರಿಕೆ ಬಗ್ಗೆ ನಾವು ಆಡೋ ಮಾತಿಗೆ ತೂಕ ಬರತ್ತೆ.

ಈಗ ನಾವು ಸುಮ್ಮನಿರೋ ಜಾಗಕ್ಕೆ ಬರ್ತೀನಿ. 2025ರ ಜನವರಿ 30ರಂದು ನಮ್ಮ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸ್ತು, ಘನತೆಯಿಂದ ಸಾಯೋ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನ ಇಲ್ಲಿ ಜಾರಿ ಮಾಡೋಕೆ. ಸುಮಾರು ಕಡೆ ಸುದ್ದಿ ಹೆಂಗೆ ಬಂತು ಅಂದ್ರೆ ಕರ್ನಾಟಕದಲ್ಲಿ ದಯಾಮರಣಕ್ಕೆ ಅನುಮತಿ ಸಿಕ್ತು ಅಂತ. ವಯಸ್ಸಾದ ಒಬ್ಬ ತಾಯಿ ನನ್ನ ಹತ್ರ ಬಂದು "ನಮ್ಮೆಜಮಾನ್ರಿಗೆ ಇಂಜೆಕ್ಷನ್ ಕೊಡೋಕೆ ಪರ್ಮಿಷನ್ ಕೊಡಿಸ್ತೀರೇನಪ್ಪ" ಅಂತ ಕೇಳಿದ್ರು. ಹಂಗೆ ಇಂಜೆಕ್ಷನ್ ಕೊಟ್ರೆ ಅದು ಇವತ್ತಿಗೂ ಅಪರಾಧ ಅಮ್ಮಾ ಅಂತ ಹೇಳೋದು ಕಷ್ಟ, ಆದ್ರೂ ಹೇಳ್ಬೇಕಾಗತ್ತೆ. ಈ ಸುತ್ತೋಲೆ ಇರೋದು ಗುಣ ಆಗೋ ಆಸೆ ಇಲ್ಲದ ರೋಗಿಗೆ ವೆಂಟಿಲೇಟರ್ ಥರದ ಜೀವರಕ್ಷಕ ಚಿಕಿತ್ಸೆ ಹಾಕದೇ ಇರೋದು ಅಥವಾ ನಿಲ್ಲಿಸೋದರ ಬಗ್ಗೆ ಮಾತ್ರ.

ಈ ಕಾನೂನಿನ ಕಥೆ ನಮ್ಮ ಜಿಲ್ಲೆಗಳಿಗೆ ದೂರದ್ದೇನಲ್ಲ. ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವ್ರು, ಮುಂಬೈನ ಕೆಇಎಂ ಆಸ್ಪತ್ರೆಲಿ ನರ್ಸ್ ಆಗಿದ್ರು, 1973ರ ನವೆಂಬರ್‌ನಲ್ಲಿ ಅಲ್ಲೇ ಅವರ ಮೇಲೆ ದಾಳಿ ಆಗಿ ಮತ್ತೆ ಏಳ್ಲಿಲ್ಲ, 2015ರ ಮೇ 18ರ ತನಕ ಹಾಸಿಗೆ ಮೇಲೇ ಇದ್ರು. ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ ಅರ್ಜಿ ಮೇಲೆ 2011ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಅರುಣಾ ಅವರ ಊಟ ನಿಲ್ಲಿಸೋಕೆ ಒಪ್ಲಿಲ್ಲ, ಅವರನ್ನ ಅಷ್ಟು ವರ್ಷ ನೋಡ್ಕೊಂಡ ಆಸ್ಪತ್ರೆ ಸಿಬ್ಬಂದಿಯ ಮಾತಿಗೆ ಬೆಲೆ ಕೊಡ್ತು, ಆದ್ರೆ ಚಿಕಿತ್ಸೆ ಹಿಂತೆಗೆಯೋ ಪ್ರಶ್ನೆಗೆ ಬಾಗಿಲು ತೆರೀತು. ಆಮೇಲೆ ಕಾಮನ್ ಕಾಸ್ ಸಂಸ್ಥೆಯ ಅರ್ಜಿ ಮೇಲೆ 2018ರ ಮಾರ್ಚ್ 9ರಂದು ಸಂವಿಧಾನ ಪೀಠ ಘನತೆಯ ಸಾವು ಸಂವಿಧಾನದ 21ನೇ ವಿಧಿಯ, ಅಂದ್ರೆ ಜೀವಿಸೋ ಹಕ್ಕಿನ, ಭಾಗ ಅಂತ ಹೇಳ್ತು, ಲಿವಿಂಗ್ ವಿಲ್, ಅಂದ್ರೆ ಮುಂದೆ ಮಾತಾಡೋಕೆ ಆಗದ ಸ್ಥಿತಿ ಬಂದ್ರೆ ಇಂಥ ಚಿಕಿತ್ಸೆ ಬೇಡ ಅಂತ ಮೊದ್ಲೇ ಬರೆದಿಡೋ ಪತ್ರ, ಅದನ್ನ ಬರೆಯೋಕೂ ಅವಕಾಶ ಕೊಡ್ತು.

ಆದ್ರೆ 2018ರ ನಿಯಮದಲ್ಲಿ ಲಿವಿಂಗ್ ವಿಲ್‌ಗೆ ಪ್ರಥಮ ದರ್ಜೆ (ಜೆಎಂಎಫ್‌ಸಿ) ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಅದು ಕಾಗದದ ಮೇಲಷ್ಟೇ ಉಳೀತು. 2023ರ ಜನವರಿಲಿ ಕೋರ್ಟೇ ಅದನ್ನ ಸರಳ ಮಾಡ್ತು. ಈಗ 18 ತುಂಬಿದ, ಬುದ್ಧಿ ಸ್ವಾಧೀನ ಇರೋ ಯಾರು ಬೇಕಾದ್ರೂ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಹತ್ರ ದೃಢೀಕರಿಸಿದ್ರೆ ಸಾಕು. ತಮಗೆ ಮಾತಾಡೋಕೆ ಆಗದೇ ಇದ್ದಾಗ ಯಾರು ತೀರ್ಮಾನ ಹೇಳ್ಬೇಕು ಅಂತ ಒಬ್ಬರಿಗಿಂತ ಜಾಸ್ತಿ ಜನದ ಹೆಸರು ಬರೀಬಹುದು. ಆ ಹೊತ್ತು ಬಂದಾಗ ಆಸ್ಪತ್ರೆಲಿ ಚಿಕಿತ್ಸೆ ಕೊಡೋ ಡಾಕ್ಟ್ರು ಜೊತೆಗೆ ಕಡಿಮೆ ಅಂದ್ರೆ 5 ವರ್ಷ ಅನುಭವ ಇರೋ ಇಬ್ಬರು ತಜ್ಞರ ಮೊದಲ ಮಂಡಳಿ, ಅದು ಆದಷ್ಟು ಮಟ್ಟಿಗೆ 48 ಗಂಟೇಲಿ ಹೇಳ್ಬೇಕು, ಆಮೇಲೆ ಬೇರೆ ತಜ್ಞರ ಜೊತೆ ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಹೆಸರಿಸಿದ ಡಾಕ್ಟ್ರು ಇರೋ ಎರಡನೇ ಮಂಡಳಿ. ಎರಡೂ ಒಪ್ಪಿ, ಮನೆಯವ್ರೂ ಒಪ್ಪಿದ್ರೆ, ಮ್ಯಾಜಿಸ್ಟ್ರೇಟ್‌ಗೆ ತಿಳಿಸಿ ಚಿಕಿತ್ಸೆ ನಿಲ್ಲಿಸ್ತಾರೆ. ಲಿವಿಂಗ್ ವಿಲ್ ಇಲ್ಲದೇ ಇದ್ರೂ ಹತ್ತಿರದವರ ಒಪ್ಪಿಗೆ ಮೇಲೆ ಇದೇ ಹಾದಿ ಇದೆ.

ಇಷ್ಟು ಹೇಳೋಕೆ ಹತ್ತು ನಿಮಿಷ ಸಾಕು, ಆದ್ರೂ ಹೇಳೋರು ಕಮ್ಮಿ. ಐಸಿಯು ಹೊರಗೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡ್ಕೊಂಡು, ನಿಲ್ಲಿಸಿ ಅಂದ್ರೆ ಊರವ್ರು ಏನಂತಾರೋ, ಮುಂದುವರಿಸಿ ಅಂದ್ರೆ ಹೊಲ ಮಾರ್ಬೇಕು, ಅನ್ನೋ ಸ್ಥಿತಿಲಿ ಇರ್ತಾರೆ. ಕೊನೆಗೆ ತುಂಬ ಮನೆಗಳಲ್ಲಿ ವೈದ್ಯರ ಸಲಹೆಗೆ ವಿರುದ್ಧವಾಗಿ ಕರ್ಕೊಂಡು ಹೋಗ್ತಿದೀವಿ ಅಂತ ಸಹಿ ಹಾಕಿ ಅರೆಜೀವದಲ್ಲಿ ಆಂಬುಲೆನ್ಸ್ ಹತ್ತಿಸ್ತಾರೆ, ನೋವು ಕಮ್ಮಿ ಮಾಡೋ ಆರೈಕೆನೂ ಇಲ್ದೆ ದಾರೀಲೇ ಜೀವ ಹೋಗತ್ತೆ. ಕಾನೂನು ಸಮ್ಮತವಾದ, ಮರ್ಯಾದೆಯ ಹಾದಿ ಒಂದಿದೆ ಅನ್ನೋದು ಆ ಮಕ್ಕಳಿಗೆ ಯಾರೂ ಹೇಳಿರಲ್ಲ. ಇದು ನನಗೆ ಸಹಿಸೋಕಾಗದ ವಿಷಯ.

ಕೆಲವು ಸ್ನೇಹಿತ ವಕೀಲ್ರು ಹೇಳ್ತಾರೆ, ಬಾರ್ ಕೌನ್ಸಿಲ್ ನಿಯಮ 36 ಇದೆಯಲ್ಲ, ನಾವು ಹೊರಗೆ ಮಾತಾಡಿದ್ರೆ ಜಾಹೀರಾತು ಅಂತಾರೆ ಅಂತ. ಆ ನಿಯಮ ತಡೆಯೋದು ಕೇಸು ಹಿಡಿಯೋಕೆ ಪ್ರಚಾರ ಮಾಡೋದನ್ನ, ತಾನೇ ನಡೆಸ್ತಿರೋ ಕೇಸಿನ ಬಗ್ಗೆ ಪತ್ರಿಕೇಲಿ ಹೇಳಿಕೆ, ಫೋಟೋ ಬರೋ ಹಾಗೆ ಮಾಡೋದನ್ನ. ಕಾನೂನು ಏನಿದೆ ಅಂತ ಜನಕ್ಕೆ ತಿಳಿಸೋದನ್ನ ಅದು ತಡೆಯಲ್ಲ. ಟೀವಿಲಿ ತಮ್ಮದೇ ಕೇಸಿನ ಬಗ್ಗೆ ಮಾತಾಡೋರಿಗೆ ಅಡ್ಡ ಬರದ ನಿಯಮ ಲಿವಿಂಗ್ ವಿಲ್ ಬಗ್ಗೆ ಮಾತಾಡೋವಾಗ ಮಾತ್ರ ಅಡ್ಡ ಬರೋದು ಸರಿ ಅಲ್ಲ.

ರಾಜಕೀಯದ ವಿಷಯಕ್ಕೆ ಬಂದ್ರೆ ಇನ್ನೂ ಎಚ್ಚರ ಬೇಕು, ಯಾಕಂದ್ರೆ ಅಲ್ಲಿ ನಾವು ಒಬ್ಬೊಬ್ರಾಗಿ ಮಾತಾಡೋದಷ್ಟೇ ಅಲ್ಲ, ಸಂಘವಾಗಿ ಮಾತಾಡ್ತೀವಿ. 2020ರ ಫೆಬ್ರವರಿಲಿ ಹುಬ್ಬಳ್ಳಿಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರದ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕ್ಬಾರ್ದು ಅಂತ ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡ್ತು, ಹೈಕೋರ್ಟ್ ಗಟ್ಟಿಯಾಗಿ ಹೇಳಿದ ಮೇಲೆ ಅದು ಬದಲಾಯ್ತು. ಇಂಥ ನಿರ್ಣಯಗಳು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಮೊಹಮ್ಮದ್ ರಫಿ ಕೇಸಲ್ಲಿ ಹೇಳಿತ್ತು. ಆ ಆರೋಪ ನಿಮಗೆ ಎಷ್ಟೇ ಸಿಟ್ಟು ತರಿಸ್ಲಿ, ಒಬ್ಬ ಮನುಷ್ಯನಿಗೆ ವಕೀಲ ಸಿಗದ ಹಾಗೆ ಮಾಡೋಕೆ ನಮ್ಮ ಸಂಘದ ಲೆಟರ್‌ಹೆಡ್ ಬಳಸ್ಬಾರ್ದು. ಸಾರ್ವಜನಿಕ ಚರ್ಚೆಲಿ ಪಾಲ್ಗೊಳ್ಳೋದು ಬೇರೆ, ಇದು ಚರ್ಚೆನೇ ಇಲ್ಲದ ಹಾಗೆ ಮಾಡೋದು.

ಸರ್ಕಾರದ ಕ್ರಮ ಟೀಕಿಸಿ, ತೀರ್ಪನ್ನೂ ಟೀಕಿಸಿ, ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಸೆಕ್ಷನ್ನೇ ಮುಗಿದ ಕೇಸಿನ ತೀರ್ಪಿನ ಮೇಲೆ ನ್ಯಾಯಯುತ ಟೀಕೆ ನಿಂದನೆ ಅಲ್ಲ ಅಂತ ಹೇಳತ್ತೆ. ತೀರ್ಪು ಓದಿ ಟೀಕಿಸಿದ್ರೆ ಆಯ್ತು.

ನಾನು ಕೇಳ್ಕೊಳ್ಳೋದು ಇಷ್ಟೆ. ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವಾ ಸಮಿತಿಗಳಿವೆ, ಶಾಲೆ, ಪಂಚಾಯ್ತಿಗಳಲ್ಲಿ ಕಾನೂನು ಅರಿವು ಕಾರ್ಯಕ್ರಮ ನಡೀತಾನೇ ಇರತ್ತೆ, ಬಾಲ್ಯವಿವಾಹ, ಪೋಕ್ಸೋ, ಮೋಟಾರು ಅಪಘಾತದ ಬಗ್ಗೆ ನಮ್ಮ ವಕೀಲ್ರು ಚೆನ್ನಾಗೇ ಮಾತಾಡ್ತಾರೆ. ಆ ಪಟ್ಟಿಗೆ ಲಿವಿಂಗ್ ವಿಲ್, ಕೇಸ್ ಶೀಟ್ ಕೇಳೋ ಹಕ್ಕು, ಕೆಪಿಎಂಇ ದೂರು ಈ ಮೂರನ್ನ ಸೇರಿಸಿ, ಜೊತೆಗೆ ಡಿಎಚ್‌ಓ ಆಫೀಸಿಂದ ಒಬ್ರು ಡಾಕ್ಟ್ರನ್ನೂ ಕರೀರಿ. ನಿಮ್ಮೂರಲ್ಲಿ ಇಂಥ ಕಾರ್ಯಕ್ರಮ ಇದ್ರೆ ಓದ್ತಿರೋ ನೀವೂ ಹೋಗಿ, ಈ ಪ್ರಶ್ನೆಗಳನ್ನ ಎದ್ದು ನಿಂತು ಕೇಳಿ.