ಒಂದು ಖಾತೆ, ಒಂದು ಪಾಳಿ

ರಾಯಚೂರು ಎಪಿಎಂಸಿಯ ಒಂದು ಅಡತ್ ಅಂಗಡಿ ಎಂದಿಟ್ಟುಕೊಳ್ಳಿ. ಹತ್ತಿ ಸುಗ್ಗಿ, ಸಂಜೆ ಐದರ ಹೊತ್ತು, ತೂಕ ಮುಗಿದ ಲಾಟ್‌ಗಳ ದುಡ್ಡು ರೈತರ ಖಾತೆಗೆ ಹೋಗಬೇಕು. ಗುಮಾಸ್ತ ‘ಪಾವತಿ’ ಒತ್ತುತ್ತಾನೆ, ಪರದೆ ಅಲ್ಲಾಡುವುದಿಲ್ಲ, ಮತ್ತೊಮ್ಮೆ ಒತ್ತುತ್ತಾನೆ. ಕ್ಯೂಗೆ, ಅಂದರೆ ಕೆಲಸಗಳು ಪಾಳಿಗೆ ನಿಲ್ಲುವ ಸಾಲಿಗೆ, ಎರಡು ಜಾಬ್ (ಕೆಲಸ) ಬಿದ್ದವು. ಜಾಬ್ ಮಾಡಿ ಮುಗಿಸುವ ಪ್ರೋಗ್ರಾಂಗಳಾದ, ಖಾಲಿ ಇದ್ದ ಎರಡು ವರ್ಕರ್‌ಗಳು ಒಂದೊಂದನ್ನು ಎತ್ತಿಕೊಂಡವು. ಲಾಟಿನ ನಿವ್ವಳ 65,000 ರೂಪಾಯಿ, ರೈತನ ಹಳೇ ಮುಂಗಡ 40,000. ಎರಡೂ ವರ್ಕರ್ ಒಟ್ಟಿಗೇ ಖಾತೆ ಓದಿ, ಬಾಕಿ ಮುರಿದುಕೊಂಡು, ಉಳಿದ 25,000 ಬ್ಯಾಂಕಿಗೆ ಕಳಿಸಿ, ಬಾಕಿಯ ಜಾಗದಲ್ಲಿ ಸೊನ್ನೆ ಬರೆದವು. ಹಾಗಾಗಿ ಅಂಗಡಿಯ ಖಾತೆಯಲ್ಲಿ ತಪ್ಪೇ ಕಾಣುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಾಗಲೇ 25,000 ಎರಡು ಸಲ ಹೋದದ್ದು ಗೊತ್ತಾಗುವುದು.

‘ವರ್ಕರ್ ಒಂದೇ ಇಡಿ, ಮುಗಿಯಿತು’ ಎನ್ನುವವರಿದ್ದಾರೆ. ಸಣ್ಣ ಅಂಗಡಿಗೆ ಅದು ಕೆಟ್ಟ ಸಲಹೆಯೇನಲ್ಲ. ಆದರೆ ತಿಂಗಳ ವರದಿಯೊಂದು ಹತ್ತು ನಿಮಿಷ ಓಡಿದರೆ ಎಸ್ಎಂಎಸ್‌ಗಳೆಲ್ಲ ಅದರ ಹಿಂದೆ ನಿಲ್ಲುತ್ತವೆ. ಹೊಸ ಆವೃತ್ತಿ ಏರಿಸುವಾಗ ಹಳೇ ವರ್ಕರ್ ಇನ್ನೂ ಮುಗಿಸುತ್ತಿರುತ್ತದೆ, ಹೊಸದು ಆಗಲೇ ಶುರುವಾಗಿರುತ್ತದೆ. ಆ ಅರ್ಧ ನಿಮಿಷ ನಿಮ್ಮ ‘ಒಂದೇ ವರ್ಕರ್’ ಎರಡಾಗಿರುತ್ತದೆ.

ಹಾಗಾದರೆ ಲಾಕ್ ಬೇಕು, ಅಂದರೆ ಒಂದು ಸಲಕ್ಕೆ ಒಂದೇ ಜಾಬ್ ಒಳಗೆ ಹೋಗುವಂತೆ ತಡೆಯುವ ಗುರುತು. ಮೊದಲು ತೀರ್ಮಾನಿಸಬೇಕಾದ್ದು ಲಾಕಿನ ಹೆಸರು. ‘ಪಾವತಿ’ ಎಂದಷ್ಟೇ ಹೆಸರಿಟ್ಟರೆ ಇಡೀ ಮಾರುಕಟ್ಟೆಯ ಪಾವತಿ ಒಂದರ ಹಿಂದೊಂದು ಸಾಗುತ್ತದೆ. ಎಡದಂಡೆ ಕಾಲುವೆಯ ಒಂದು ತೂಬು ಮುಚ್ಚಲು ಯಾರೂ ಜಲಾಶಯದ ಗೇಟ್ ಇಳಿಸುವುದಿಲ್ಲ. ಹೆಸರು ‘ಖಾತೆ:418’ ಎಂದಿರಲಿ, ಅಂದರೆ ರೈತನಿಗೊಂದು ಲಾಕ್. ಆ ಖಾತೆ ಮುಟ್ಟುವ ಎಲ್ಲ ಬಗೆಯ ಜಾಬ್‌ಗೂ ಅದೇ ಹೆಸರು. ಪಾವತಿ ಜಾಬ್ ಒಂದು ಹೆಸರಲ್ಲಿ, ಮುಂಗಡ ಕೊಡುವ ಜಾಬ್ ಇನ್ನೊಂದು ಹೆಸರಲ್ಲಿ ಲಾಕ್ ಹಿಡಿದರೆ ಎರಡೂ ಒಟ್ಟಿಗೇ ಓಡುತ್ತವೆ. ಲಾರಾವೆಲ್ ಎಂಬ ಪಿಎಚ್‌ಪಿ ಫ್ರೇಮ್‌ವರ್ಕಿನ ‘ವಿತೌಟ್ ಓವರ್‌ಲ್ಯಾಪಿಂಗ್’ ಮಿಡಲ್‌ವೇರ್ (ಜಾಬಿಗೆ ಮುಂಚೆ ಓಡುವ ತಪಾಸಣೆ) ಬಳಸುವವರು ಇಲ್ಲೇ ಎಡವುವುದು: ಅದು ಕೀಲಿಗೆ, ಅಂದರೆ ಲಾಕಿನ ಹೆಸರಿಗೆ, ಜಾಬ್ ಕ್ಲಾಸಿನ (ಜಾಬಿನ ಬಗೆಯ) ಹೆಸರನ್ನೂ ಸೇರಿಸಿಕೊಳ್ಳುತ್ತದೆ, ‘ಶೇರ್ಡ್’ ಎಂದು ಹೇಳದಿದ್ದರೆ ಬೇರೆ ಕ್ಲಾಸಿನ ಜಾಬನ್ನು ತಡೆಯುವುದಿಲ್ಲ.

ಮೆಮೊರಿಯಲ್ಲೇ ಮಾಹಿತಿ ಇಡುವ ರೆಡಿಸ್ ಡೇಟಾಬೇಸ್‌ನಲ್ಲಿ ಲಾಕ್ ಹಿಡಿಯಲು ಒಂದೇ ಆಜ್ಞೆ ಸಾಕು: ಸೆಟ್ ಖಾತೆ:418 ಟೋಕನ್ ಎನ್‌ಎಕ್ಸ್ ಪಿಎಕ್ಸ್ 120000. ಎನ್‌ಎಕ್ಸ್ ಅಂದರೆ ಕೀಲಿ ಇಲ್ಲದಿದ್ದರೆ ಮಾತ್ರ ಬರೆ. ಪಿಎಕ್ಸ್ ಅಂದರೆ ಇಷ್ಟು ಮಿಲಿಸೆಕೆಂಡಿಗೆ ತಾನಾಗಿ ಅಳಿದುಹೋಗಲಿ. ಟೋಕನ್, ಅಂದರೆ ಲಾಕ್ ಹಿಡಿದವರ ಗುರುತು, ಪ್ರತಿ ಓಟಕ್ಕೂ ಬೇರೆಯಾಗಿರಬೇಕು. ಬಿಡಿಸುವಾಗ ‘ಟೋಕನ್ ನನ್ನದೇ ಆಗಿದ್ದರೆ ಅಳಿಸು’ ಎಂಬುದು ರೆಡಿಸ್ ಒಳಗೇ, ನಡುವೆ ಬೇರೇನೂ ನುಸುಳದಂತೆ ಓಡುವ ಒಂದೇ ಲುವಾ ಸ್ಕ್ರಿಪ್ಟಿನಲ್ಲಿ ಆಗಬೇಕು. ಮೊದಲು ಓದಿ, ಆಮೇಲೆ ಬೇರೆ ಆಜ್ಞೆಯಲ್ಲಿ ಅಳಿಸಿದರೆ, ನಡುವಿನ ಸಂದಿಯಲ್ಲಿ ನಿಮ್ಮ ಅವಧಿ ಮುಗಿದು ಬೇರೆಯವರು ಹಿಡಿದ ಲಾಕನ್ನು ನೀವು ಕಿತ್ತುಹಾಕಬಹುದು. ಕ್ಯಾಶ್ (cache, ಬೇಗ ಸಿಗಲೆಂದು ಇಟ್ಟ ತಾತ್ಕಾಲಿಕ ಪ್ರತಿ) ಮತ್ತು ಲಾಕ್ ಒಂದೇ ರೆಡಿಸ್ ಡೇಟಾಬೇಸ್‌ನಲ್ಲಿದ್ದರೆ ಇನ್ನೊಂದು ಅಪಾಯ: ಯಾರೋ ಕ್ಯಾಶ್ ತೆರವು ಮಾಡಿದರೆ ಲಾಕ್‌ಗಳೂ ಹೋಗುತ್ತವೆ.

ಅವಧಿ ಎಷ್ಟಿರಬೇಕು? ಜಾಬ್ ಸಾಮಾನ್ಯವಾಗಿ 8 ಸೆಕೆಂಡಿನಲ್ಲಿ ಮುಗಿಯುತ್ತದೆ ಎಂದು 10 ಇಡುವುದು ತಪ್ಪು. ಕೆಟ್ಟ ದಿನದ ಲೆಕ್ಕ ಹಾಕಿ: ಬ್ಯಾಂಕ್ ಕರೆಗೆ 30 ಸೆಕೆಂಡ್ ಗಡುವು, ಮೂರು ಯತ್ನ, ಅಲ್ಲಿಗೆ 90. ಮೇಲೊಂದಿಷ್ಟು ಸೇರಿಸಿ 120. ಅದಕ್ಕೂ ಮೀರಬಹುದಾದ ಜಾಬ್ ಆದರೆ ಪ್ರತಿ 40 ಸೆಕೆಂಡಿಗೊಮ್ಮೆ ಲಾಕ್ ನವೀಕರಿಸಲಿ. ಅವಧಿಯನ್ನೇ ಇಡದಿರುವುದು ಇದಕ್ಕಿಂತ ಕೆಟ್ಟದ್ದು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಯ ಪಕ್ಕದಲ್ಲಿದ್ದರೂ ಕರೆಂಟ್ ಹೋಗುವುದು ತಪ್ಪಿಲ್ಲ. ಅಂಗಡಿಯೊಳಗಿನ ಕಂಪ್ಯೂಟರಿನಲ್ಲಿ ಓಡುತ್ತಿದ್ದ ವರ್ಕರ್ ಲಾಕ್ ಹಿಡಿದೇ ಸತ್ತರೆ, ದೂರದ ಸರ್ವರಿನ ರೆಡಿಸ್‌ನಲ್ಲಿ ಆ ಕೀಲಿ ಹಾಗೇ ಉಳಿಯುತ್ತದೆ. ಮರುದಿನ ರೈತ ಎದುರಿಗೆ ಕೂತಿರುತ್ತಾನೆ, ಅವನ ಪಾವತಿ ಮಾತ್ರ ಹೋಗುವುದಿಲ್ಲ.

ಹೆಚ್ಚಿನವರು ಗಮನಿಸದ ಸಂಗತಿ, ಎರಡನೇ ಓಟಕ್ಕೆ ಗುಮಾಸ್ತನ ಬೆರಳೇ ಕಾರಣವಾಗಬೇಕಿಲ್ಲ. ಕ್ಯೂ ತಾನೇ ಅದೇ ಜಾಬನ್ನು ಮತ್ತೆ ಹಂಚುತ್ತದೆ. ಇಷ್ಟು ಹೊತ್ತಾದರೂ ಮುಗಿದ ಸುದ್ದಿ ಬರಲಿಲ್ಲವೆಂದರೆ ವರ್ಕರ್ ಸತ್ತಿದೆ ಎಂದೇ ಅದರ ನಂಬಿಕೆ. ಅಮೆಜಾನಿನ ಕ್ಯೂ ಸೇವೆ ಎಸ್‌ಕ್ಯೂಎಸ್‌ನಲ್ಲಿ ಈ ಗಡುವು ನೀವು ಬದಲಿಸದಿದ್ದರೆ 30 ಸೆಕೆಂಡ್, ಲಾರಾವೆಲ್‌ನ ‘ರಿಟ್ರೈ ಆಫ್ಟರ್’ 90 ಸೆಕೆಂಡ್, ರೆಡಿಸ್ ಮೇಲೆ ಓಡುವ ಪೈಥಾನ್ ಕ್ಯೂ ಸೆಲೆರಿಯಲ್ಲಿ 1 ಗಂಟೆ. ಮೇಲಿನ ನಮ್ಮ ಜಾಬ್ 90ಕ್ಕೆ ತಾಗುತ್ತದೆ, ಅಂದರೆ ಬ್ಯಾಂಕ್ ನಿಧಾನವಾದ ದಿನವೇ ಜೋಡಿ ಓಟ. ಕ್ರಮ ಹೀಗಿರಲಿ: ಜಾಬಿನ ಟೈಮ್‌ಔಟ್ 110, ಲಾಕ್ 120, ಕ್ಯೂನ ಗಡುವು 150.

ಲಾಕ್ ಸಿಗದ ಜಾಬನ್ನು ಏನು ಮಾಡಬೇಕೆಂಬುದು ವ್ಯಾಪಾರದ ಪ್ರಶ್ನೆ. ಅದೇ ಲಾಟಿನ ಅದೇ ಪಾವತಿಯಾದರೆ ಬಿಟ್ಟುಬಿಡಿ. ಅದೇ ರೈತನ ಇನ್ನೊಂದು ಲಾಟಾದರೆ ಬಿಡುವಂತಿಲ್ಲ, ಪಾಳಿ ಕಾಯಬೇಕು. 15 ಸೆಕೆಂಡ್ ಬಿಟ್ಟು ಬರಲೆಂದು ಕ್ಯೂಗೆ ಮರಳಿಸಿ. ಲಾರಾವೆಲ್‌ನಲ್ಲಿ ಹೀಗೆ ಮರಳಿಸಿದ್ದೂ ಒಂದು ಯತ್ನವೆಂದೇ ಎಣಿಕೆಯಾಗುತ್ತದೆ. ಯತ್ನದ ಮಿತಿ 3 ಇದ್ದರೆ, ಸುಮ್ಮನೆ ಕಾಯುತ್ತಿದ್ದ ಜಾಬ್ ಮೂರೇ ಸಲಕ್ಕೆ ‘ವಿಫಲ’ ಪಟ್ಟಿಗೆ ಬೀಳುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದವರು ಅದರ ಅಡ್ವೈಸರಿ ಲಾಕ್ (ಅರ್ಥವನ್ನು ನಾವೇ ಕೊಡುವ ಲಾಕ್) ಬಳಸಬಹುದು. ಸಂಪರ್ಕ ಕಡಿದರೆ ಲಾಕೂ ಬಿಡುತ್ತದೆ. ಆದರೆ ನಡುವೆ ಸಂಪರ್ಕಗಳನ್ನು ಹಂಚುವ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿದ್ದರೆ (ಪ್ರತಿ ವಹಿವಾಟಿಗೂ ಸಂಪರ್ಕ ಬದಲಾಗಬಹುದು) ಸೆಷನ್ ಮಟ್ಟದ ಲಾಕ್ ನಂಬಬೇಡಿ, ಹಿಡಿದ ಸಂಪರ್ಕ ಒಂದು, ಬಿಡಿಸಲು ಹೋದದ್ದು ಇನ್ನೊಂದಾಗುತ್ತದೆ. ರಾತ್ರಿ ದಿನದ ಲೆಕ್ಕ ಮುಗಿಸುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸ) ಒಂದೇ ಯಂತ್ರದಲ್ಲಿದ್ದರೆ ಕಡತದ ಮೇಲೆ ಲಾಕ್ ಹಿಡಿಯುವ, ಸಿಗದಿದ್ದರೆ ಕಾಯದೆ ಹಿಂತಿರುಗುವ ‘ಎಫ್‌ಲಾಕ್ -ಎನ್’ ಆಜ್ಞೆ ಸಾಕು.

ಇಷ್ಟೆಲ್ಲ ಮಾಡಿದರೂ ದುಡ್ಡಿನ ಕಾವಲನ್ನು ಲಾಕ್ ಒಂದಕ್ಕೇ ಬಿಡಬೇಡಿ. ವರ್ಚುವಲ್ ಯಂತ್ರ ಮೂರು ನಿಮಿಷ ಸ್ತಬ್ಧವಾಗಿ ಎದ್ದರೆ, ಒಳಗಿನ ವರ್ಕರ್‌ಗೆ ಲಾಕ್ ಇನ್ನೂ ತನ್ನದೇ ಎಂಬ ಭ್ರಮೆ. ಅದನ್ನು ಹಿಡಿಯುವುದು ಡೇಟಾಬೇಸ್: ಪಾವತಿ ಕೋಷ್ಟಕದಲ್ಲಿ ಲಾಟ್ ಸಂಖ್ಯೆ ಮತ್ತು ನಮೂದಿನ ಬಗೆ ಸೇರಿಸಿ ಯುನೀಕ್ ಇಂಡೆಕ್ಸ್, ಅಂದರೆ ಅದೇ ಜೋಡಿಯ ಎರಡನೇ ಸಾಲನ್ನು ಒಪ್ಪದ ನಿಯಮ. ಬ್ಯಾಂಕಿಗೆ ಕರೆ ಹೋಗುವ ಮೊದಲೇ ಆ ಸಾಲು ಬರೆದು ಕಮಿಟ್ (ಖಾಯಂ) ಆಗಿರಬೇಕು. ಬ್ಯಾಂಕಿಗೆ ಕಳಿಸುವ ಉಲ್ಲೇಖ ಸಂಖ್ಯೆಯೂ ಲಾಟ್ ಸಂಖ್ಯೆಯಿಂದಲೇ ಹುಟ್ಟಲಿ. ಪ್ರತಿ ಯತ್ನಕ್ಕೂ ಹೊಸ ಸಂಖ್ಯೆ ಕೊಟ್ಟರೆ ಬ್ಯಾಂಕಿನ ಕಣ್ಣಿಗೆ ಅದು ಹೊಸ ಪಾವತಿ.

ಪರೀಕ್ಷೆಗೆ ಜಾಬಿನ ನಡುವೆ 20 ಸೆಕೆಂಡಿನ ನಿದ್ದೆ ಸೇರಿಸಿ, ಎರಡು ಟರ್ಮಿನಲ್‌ನಲ್ಲಿ ಎರಡು ವರ್ಕರ್ ಓಡಿಸಿ, ಒಂದೇ ಲಾಟನ್ನು ಎರಡು ಸಲ ಕಳಿಸಿ. ಮುಂದಿನ ಸುತ್ತಿನಲ್ಲಿ ಲಾಕ್ ಹಿಡಿದ ವರ್ಕರನ್ನು ‘ಕಿಲ್ -9’ ಕೊಟ್ಟು ಕೊಂದು, ಆ ಖಾತೆ ಎಷ್ಟು ಹೊತ್ತಿಗೆ ಬಿಡುಗಡೆಯಾಯಿತು ನೋಡಿ. ಕೊನೆಗೆ ಲಾಕಿನ ಅವಧಿಯನ್ನು ಬೇಕೆಂದೇ 5 ಸೆಕೆಂಡಿಗೆ ಇಳಿಸಿ. ಈಗ ಎರಡೂ ವರ್ಕರ್ ಒಳಗೆ ನುಗ್ಗುತ್ತವೆ. ಎರಡನೆಯದು ಯುನೀಕ್ ಇಂಡೆಕ್ಸಿಗೆ ಬಡಿದು ಬೀಳಬೇಕು. ಬೀಳದಿದ್ದರೆ ಸುಗ್ಗಿಗೆ ಮುಂಚೆ ಇನ್ನೂ ಕೆಲಸ ಬಾಕಿ ಇದೆ.