ರಿಟರ್ನ್ ಗಿಫ್ಟ್ ಮುಯ್ಯಿ ಅಲ್ಲ, ತಾಂಬೂಲ

"ಮೇಡಂ, ಅವರು 500 ರೂಪಾಯಿದು ತರ್ತಾರೆ. ನಾವು 60 ರೂಪಾಯಿದು ಕೊಟ್ಟು ಕಳಿಸಿದ್ರೆ ಏನಂದ್ಕೊಳ್ತಾರೆ?"

ವಾರಕ್ಕೊಮ್ಮೆಯಾದರೂ ಈ ಮಾತು ಕೇಳುತ್ತೇನೆ. ಬೆಂಗಳೂರಿನಲ್ಲಿ ಮಕ್ಕಳ ಹುಟ್ಟುಹಬ್ಬ ಮಾಡಿಸಿಕೊಡುವುದು ನನ್ನ ಕೆಲಸ. ದೊಡ್ಡ ಹೋಟೆಲ್ಲಿನ ಪಾರ್ಟಿಗಳಲ್ಲ. ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್, ಇಲ್ಲವೇ ಮನೆಯ ಟೆರೇಸು, 40 ಮಕ್ಕಳು, ಕೈಯಲ್ಲಿ 25-30 ಸಾವಿರ. ಬಲೂನಿನ ಕಮಾನು ಚಿಕ್ಕದು ಮಾಡೋಣ ಅಂದರೆ ಒಪ್ಪುತ್ತಾರೆ. ಕೇಕು 5 ಕೆಜಿ ಬೇಡ, 3 ಸಾಕು, ಮಕ್ಕಳು ತಿನ್ನೋದಕ್ಕಿಂತ ಮುಖಕ್ಕೆ ಬಳಿಯೋದೇ ಜಾಸ್ತಿ ಅಂದರೂ ಒಪ್ಪುತ್ತಾರೆ. ಬಂದ ಮಕ್ಕಳಿಗೆ ಹೊರಡುವಾಗ ಕೊಡುವ ರಿಟರ್ನ್ ಗಿಫ್ಟಿನ ಸುದ್ದಿಗೆ ಹೋದರೆ ಮಾತ್ರ ಮುಖ ಬಿಗಿಯುತ್ತದೆ.

ಲೆಕ್ಕ ನೋಡಿ. 40 ಮಕ್ಕಳಿಗೆ 250 ರೂಪಾಯಿಯದು ಅಂದರೆ 10,000. 60 ರೂಪಾಯಿಯದು ಅಂದರೆ 2,400. ಇದು ಯಾರಿಗೂ ಗೊತ್ತಿಲ್ಲದ ಲೆಕ್ಕವಲ್ಲ. ಎಲ್ಲರೂ ಫೋನಿನಲ್ಲಿ ಗುಣಿಸಿ ನೋಡಿರುತ್ತಾರೆ. ಆದರೂ 250ರದ್ದೇ ಬೇಕು. ಯಾಕೆಂದರೆ ಹೋದ ತಿಂಗಳು ಮೂರನೇ ಮಹಡಿಯವರು 200ರ ಸ್ಟೀಲ್ ಬಾಟಲು ಕೊಟ್ಟಿದ್ದರು. ಇವರು 250 ಮಾಡಿದರೆ ಮುಂದಿನ ತಿಂಗಳು ಐದನೇ ಮಹಡಿಯವರು 300 ಮಾಡುತ್ತಾರೆ. ಆ ಮಕ್ಕಳ ಮನೆಗಳಲ್ಲಿ ಈಗಾಗಲೇ ಎಷ್ಟು ಬಾಟಲುಗಳಿವೆಯೋ ದೇವರೇ ಬಲ್ಲ.

ನನ್ನ ಮಟ್ಟಿಗೆ ಎಡವಟ್ಟು ಇರುವುದು ದುಡ್ಡಿನಲ್ಲಲ್ಲ. ಎರಡು ಬೇರೆ ಬೇರೆ ಪದ್ಧತಿಗಳನ್ನು ನಾವು ಕಲಸಿಬಿಟ್ಟಿದ್ದೇವೆ, ಅಲ್ಲಿ.

ನಾನು ಬೆಳೆದದ್ದು ತುಮಕೂರು ಕಡೆಯ ಹಳ್ಳಿಯಲ್ಲಿ. ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಿದ್ದರು. ಬಂದವರು ಮುಯ್ಯಿ ಕೊಡುವರು. ಇಂಥ ಊರಿನ ಇಂಥವರು, 51 ರೂಪಾಯಿ, ಅಂತ ಅವರು ಬರೆದುಕೊಳ್ಳುವರು. ಅದು ಒಂಥರ ಕೈಸಾಲ. ಯಾವತ್ತು ತೀರಿಸೋದು? ಅವರ ಮನೆಯಲ್ಲಿ ಮದುವೆಯೋ ನಾಮಕರಣವೋ ಆದಾಗ. ಅದು ಎರಡು ವರ್ಷ ಆಗಬಹುದು, ಹತ್ತು ವರ್ಷವೂ ಆಗಬಹುದು. ಆ ಪುಸ್ತಕ ಟ್ರಂಕಿನಲ್ಲಿ ಭದ್ರವಾಗಿರುತ್ತಿತ್ತು. ಹೊರಡುವ ಮುಂಚೆ ಅಜ್ಜಿ ಅದನ್ನು ತೆಗೆಸಿ, "ಅವರು ಎಷ್ಟು ಮಾಡಿದಾರೆ ನೋಡು" ಅನ್ನುತ್ತಿದ್ದಳು. ಅಲ್ಲಿ ಇದ್ದದ್ದಕ್ಕೆ ಸ್ವಲ್ಪ ಸೇರಿಸಿ ತೀರಿಸುತ್ತಿದ್ದಳು.

ಇನ್ನೊಂದು ತಾಂಬೂಲ. ಊಟ ಮುಗಿಸಿ ಹೊರಟವರ ಕೈಗೆ ಎಲೆ, ಅಡಿಕೆ, ಒಂದು ತೆಂಗಿನಕಾಯಿ. 11 ರೂಪಾಯಿ ಕೊಟ್ಟವನಿಗೂ ಅದೇ ಕಾಯಿ, 1,001 ಕೊಟ್ಟವನಿಗೂ ಅದೇ ಕಾಯಿ. ಏನೂ ಕೊಡದೆ ಉಂಡು ಹೋದವನಿಗೂ ಅದೇ. ದೊಡ್ಡ ಮುಯ್ಯಿ ಮಾಡಿದವರಿಗೆ ಕಾಯಿ ಚಿಕ್ಕದಾಯಿತು ಅಂತ ಯಾರಾದರೂ ಅಳೆದದ್ದು ನಾನಂತೂ ಕಂಡಿಲ್ಲ. ಎಲ್ಲ ಊರಲ್ಲೂ ಹೀಗೇ ಅಂತ ಹೇಳಲಾರೆ, ನಮ್ಮ ಕಡೆ ಹೀಗಿತ್ತು.

ರಿಟರ್ನ್ ಗಿಫ್ಟು ಈ ತಾಂಬೂಲದ ಜಾಗದಲ್ಲಿ ಬಂದು ಕೂತದ್ದು. ಆ ಇಂಗ್ಲಿಷ್ ಹೆಸರಿನಲ್ಲಿರುವ 'ರಿಟರ್ನ್' ನಮ್ಮ ತಲೆ ಕೆಡಿಸಿದೆ. ಅದನ್ನು ಮುಯ್ಯಿ ಅಂದುಕೊಂಡು ಅವತ್ತೇ, ಬಾಗಿಲಲ್ಲೇ ತೀರಿಸಿಬಿಡೋಕೆ ನೋಡುತ್ತೇವೆ. ಬಾಗಿಲಲ್ಲಿ ಕೊಡೋದು 'ಬಂದಿರಿ, ಸಂತೋಷ' ಅನ್ನೋದಕ್ಕೆ. ಮುಯ್ಯಿ ತೀರಿಸೋದು ಅವರ ಮಗುವಿನ ಹುಟ್ಟುಹಬ್ಬಕ್ಕೆ ನೀವು ಹೋದಾಗ. ಇದನ್ನು ನಾನು ಒಂದೇ ಮನೆಯಲ್ಲಿ ಮೂರು ಸಲ ಹೇಳಿದ್ದೂ ಉಂಟು. ತಲೆ ಆಡಿಸಿ, ಆಮೇಲೆ ಬಾಟಲಿನ ಫೋಟೊ ಕಳಿಸುತ್ತಾರೆ.

ಒಂದು ಪಾರ್ಟಿಯಲ್ಲಿ ಹೀಗಾಯಿತು. ಎಣಿಸಿ 30 ಚೀಲ ತರಿಸಿದ್ದರು, ಒಳ್ಳೆ ದುಬಾರಿಯವೇ. ಬಂದ ಮಕ್ಕಳು 41. ಕರೆದ ಮಗುವಿನ ಜೊತೆ ಅದರ ತಮ್ಮ ಬರುತ್ತಾನೆ, ಅದನ್ನು ಯಾರೂ ಎಣಿಸುವುದಿಲ್ಲ. ಚೀಲ ಖಾಲಿಯಾದ ಮೇಲೆ ಆ ತಾಯಿ ಒಳಗೆ ಓಡಿ, ಬಂದ ಉಡುಗೊರೆಗಳಲ್ಲೇ ಒಂದಷ್ಟು ಎತ್ತಿಕೊಂಡು ಬಂದರು. ಒಂದು ಪುಟ್ಟ ಹುಡುಗಿ ಡಬ್ಬಿ ತಿರುಗಿಸಿ ನೋಡಿ, "ಆಂಟಿ, ಇದು ನಾವೇ ತಂದಿದ್ದು" ಅಂದಿತು. ಅದರ ಅಮ್ಮ ಪಕ್ಕದಲ್ಲೇ ನಿಂತಿದ್ದರು. ನಾನು ಬಲೂನು ಬಿಚ್ಚುವ ನೆಪದಲ್ಲಿ ಗೋಡೆ ಕಡೆ ತಿರುಗಿಕೊಂಡೆ. ಮುಯ್ಯಿ ಅಂದೇ ತೀರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಉಡುಗೊರೆಗಳನ್ನು ಒಳಗಿನ ಕೋಣೆಯಲ್ಲಿಟ್ಟ ಮೇಲೆ ಅಲ್ಲೇ ಇರಲಿ ಅಂತ ನಾನು ಹೇಳೋದು ಇಂಥದ್ದಕ್ಕೇ. ಎಲ್ಲರ ಮುಂದೆ ಬಿಚ್ಚಬೇಡಿ. ಐದು ವರ್ಷದ ಮಗು "ಇದು ನನ್ ಹತ್ರ ಇದೆ" ಅಂದೇ ಅನ್ನುತ್ತೆ, ಅದರ ತಪ್ಪಲ್ಲ. "ಆಶೀರ್ವಾದವೇ ಉಡುಗೊರೆ" ಅಂತ ಕಾರ್ಡಿನಲ್ಲಿ ಹಾಕಿಸುವವರಿಗೂ ಒಂದು ಮಾತು. ಹಾಕಿಸಿದ ಮೇಲೆ ಗಿಫ್ಟ್ ಇಡಲು ಮೇಜು ಹಾಕಿಸಬೇಡಿ. ಬರಿಗೈಲಿ ಬಂದವರು ಆ ಮೇಜು ನೋಡಿ ಕುಗ್ಗಿಹೋಗುತ್ತಾರೆ. ವಾಚ್‌ಮನ್ ಮಗಳನ್ನು, ಕೆಲಸದವರ ಮಗನನ್ನು ಕರೆದಿದ್ದರಂತೂ ಇನ್ನೂ ಎಚ್ಚರ ಬೇಕು. ಏನೂ ತರೋಕೆ ಆಗಲಿಲ್ಲ ಅಂತ ಬಾಗಿಲ ತನಕ ಬಂದು ವಾಪಸ್ ಹೋದ ಮಕ್ಕಳನ್ನು ಕಂಡಿದ್ದೇನೆ.

ಹಾಗಾದರೆ 60 ರೂಪಾಯಿಗೆ ಏನು ಬರುತ್ತೆ? ಚನ್ನಪಟ್ಟಣದ ಬುಗುರಿ, ಅರಗಿನ ಬಣ್ಣದ್ದು, ಬೆರಳಲ್ಲೇ ತಿರುಗಿಸುವಂಥದ್ದು. ಪ್ರಥಮ್ ಬುಕ್ಸ್‌ನ ಕನ್ನಡ ಚಿತ್ರಪುಸ್ತಕ. ಅವೆನ್ಯೂ ರಸ್ತೆಯಲ್ಲಿ ಸಗಟಾಗಿ ಕೊಂಡರೆ ಕ್ರೆಯಾನು, ಚಿತ್ರ ಬರೆಯುವ ಪುಸ್ತಕ. ಬೆಲೆ ಅಂಗಡಿಗೊಂದು ಥರ ಇರುತ್ತೆ, ಕೇಳಿಕೊಂಡೇ ಹೋಗಿ. ಡಜನ್ ಲೆಕ್ಕದ ಅಗ್ಗದ ಪ್ಲಾಸ್ಟಿಕ್ ಆಟಿಕೆ ಮಾತ್ರ ಬೇಡ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಆ ಮೂಟೆಗಳಲ್ಲಿ ಎಷ್ಟೋ ಸಲ ಅದು ಕಾಣೋದೇ ಇಲ್ಲ. ಮೂರು ವರ್ಷದೊಳಗಿನ ಮಕ್ಕಳು ಬರ್ತಾರೆ ಅಂದರೆ ಬಾಯಿಗೆ ಹೋಗುವಷ್ಟು ಸಣ್ಣದು ಏನೂ ಇರಕೂಡದು. ಪ್ಲಾಸ್ಟಿಕ್ ಕಡ್ಡಿಯ ಬಲೂನು, ಪ್ಲಾಸ್ಟಿಕ್ ತಟ್ಟೆ ಲೋಟ ದೇಶದಲ್ಲೆಲ್ಲ ನಿಂತದ್ದು 2022ರ ಜುಲೈ 1ರಿಂದ. ಕರ್ನಾಟಕದಲ್ಲಂತೂ 2016ರಲ್ಲೇ ಪ್ಲಾಸ್ಟಿಕ್ ನಿಷೇಧ ಬಂದಿತ್ತು. ಅಡಿಕೆ ಹಾಳೆ ತಟ್ಟೆ ಸಿಗುತ್ತೆ, ಅದೇ ಸಾಕು. ಇನ್ನು ಆ ನೊರೆ ಸ್ಪ್ರೇ. ಉರಿಯುವ ಮೇಣದಬತ್ತಿಯ ಹತ್ತಿರ ಅದನ್ನು ಹೊಡೆದರೆ ಬೆಂಕಿ ಹತ್ತಿಕೊಳ್ಳಬಹುದು. ಅದು ತಂದರೆ ನಾನು ಆ ಪಾರ್ಟಿ ಮಾಡಿಕೊಡುವುದಿಲ್ಲ, ಬೇಜಾರಾದರೂ ಪರವಾಗಿಲ್ಲ.

ಕೊನೆಗೆ ಎಣಿಕೆ. ನೀವು 30 ಮಕ್ಕಳು ಅಂದರೆ ನಾನು 40 ಅಂತ ಬರೆದುಕೊಳ್ಳುತ್ತೇನೆ. "ಸುಮ್ನೆ ಹತ್ತು ದಂಡ ಆಗಲ್ವಾ ಮೇಡಂ?" ಅಂತ ಕೇಳುತ್ತಾರೆ. ಉಳಿದರೆ ನನಗೇ ವಾಪಸ್ ಕೊಡಿ, ಅಷ್ಟರ ದುಡ್ಡು ಬಿಲ್ಲಿನಲ್ಲಿ ಕಳೆಯುತ್ತೇನೆ ಅಂದಿದ್ದೇನೆ. ಚಕ್ಕುಲಿ ಪೊಟ್ಟಣವಾದರೆ ಇಲ್ಲ. ಬುಗುರಿಯಾದರೆ ಮುಂದಿನ ಪಾರ್ಟಿಗೆ ಆಗುತ್ತೆ.